ಹುಳುಮನೆಯಲ್ಲಿ ನಿಂತ ಹಸಿರು ಕಾರು

ಮೊನ್ನೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನ ಹೊರಗೆ ಚರಂಡಿ ಅಂಚಿಗೆ ಯಾರೋ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಹಿಂದಿನ ದಿನ ಮಳೆ ಬಂದು ನೆಲ ಒದ್ದೆಯಾಗಿತ್ತು. ಆ ಬಿಳಿ ಪುಡಿ ನೆನೆದು ಮೂಗಿಗೆ ಹೊಡೆಯುವ ಘಾಟು... ಅಕ್ಕಪಕ್ಕದವರೆಲ್ಲ ಕರ್ಚೀಫು ಹಿಡಿದು ದೂರ ಸರಿದರು. ನಾನು ಮಾತ್ರ ಬಂದ ಬಸ್ಸನ್ನೂ ನೋಡದೆ ಅಲ್ಲೇ ನಿಂತುಬಿಟ್ಟೆ. "ಏನಪ್ಪ, ಹತ್ತೀಯೋ, ಚರಂಡಿಗೆ ಪೂಜೆ ಮಾಡ್ತೀಯೋ?" ಅಂದ ಕಂಡಕ್ಟರು. ಬೇರೆ ದಿನವಾಗಿದ್ದರೆ ಅವನ ದನಿಯಲ್ಲೇ ಅವನಿಗೆ ವಾಪಸ್ ಕೊಟ್ಟು ಬಸ್ಸನ್ನೆಲ್ಲ ನಗಿಸಿರುತ್ತಿದ್ದೆ. ಅವತ್ತು ಕೈ ಬೀಸಿ ಬಸ್ಸನ್ನ ಕಳಿಸಿಬಿಟ್ಟೆ. ಮಿಕ್ಕವರಿಗೆ ಆ ವಾಸನೆ ಅಂದರೆ ಆಸ್ಪತ್ರೆ ಇರಬಹುದು. ನನಗೆ ಅದು ಒಂದು ಕಾರಿನ ವಾಸನೆ. ಆ ಕಾರಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿರುತ್ತಿದ್ದ ಪಕ್ಕದ್ಮನೆ ಮಾವನ ವಾಸನೆ.

ನನ್ನ ಪರಿಚಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು. ನಾನು ಮಿಮಿಕ್ರಿ ಮಾಡೋನು. ಗಣೇಶನ ಪೆಂಡಾಲು, ಕಾಲೇಜ್ ಡೇ, ಮದುವೆ ಮನೆ, ಯಾರು ಮೈಕ್ ಕೊಟ್ಟರೂ ಬಿಡೋನಲ್ಲ. ಊರಿನ ಪ್ರತಿಯೊಬ್ಬರ ಕೆಮ್ಮೂ ನನ್ನ ಹತ್ತಿರ ಇದೆ. ಮೇಕೆ, ಮಿಕ್ಸಿ, ಕೆಟ್ಟ ಬೋರ್‌ವೆಲ್ ಮೋಟಾರು, ಎಲ್ಲಾ ಮಾಡುತ್ತೇನೆ. ನಿನ್ನ ಸ್ವಂತ ಗಂಟಲು ಯಾವುದಪ್ಪ ಅಂತ ಯಾರಾದರೂ ಕೇಳಿದರೆ ಮಾತ್ರ ಮೇಕೆ ಥರ ಕೂಗಿ ತಪ್ಪಿಸಿಕೊಳ್ಳುತ್ತೇನೆ. ಹುಡುಗಿ ನೋಡೋಕೆ ಹೋದ ಕಡೆಯೂ ಟೆನ್ಷನ್‌ನಲ್ಲಿ ಅವರಪ್ಪನ ದನೀಲೇ ಮಾತಾಡಿ ಎದ್ದು ಬಂದ ಗಿರಾಕಿ ನಾನು.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವಾಗ ಒಳಗಡೆ ಸಿಗುತ್ತದೆ. ಪಕ್ಕದ್ಮನೆ ಮಾವ ನನಗೆ ಸ್ವಂತ ಮಾವನೇನಲ್ಲ. ಊರಿಗೆಲ್ಲ ಮಾವ, ಅವರ ಹೆಂಡತಿ ಊರಿಗೆಲ್ಲ ಅತ್ತೆ. ರೇಷ್ಮೆ ಹುಳು ಸಾಕುತ್ತಿದ್ದರು. ಸುತ್ತಮುತ್ತ ಎಲ್ಲರ ಬೆಳೆ ಹೋದರೂ ಅವರದ್ದು ಹೋಗುತ್ತಿರಲಿಲ್ಲ. ಅದಕ್ಕೆ ಕಾರಣ ಕೇಳಿದರೆ ಮಾವ ಎದ್ದು ನಿಂತು, ಎರಡೂ ಕೈ ತೊಡೆಗೆ ಅಂಟಿಸಿ, ಸೊಂಟದವರೆಗೂ ಬಗ್ಗುತ್ತಿದ್ದರು. "ಜಪಾನ್ ಸಾಹೇಬ್ರು!" ಅಷ್ಟೇ ಉತ್ತರ.

ಮಾವನಿಗೆ ಮೀಸೆ ಬರುತ್ತಿದ್ದ ಕಾಲದಲ್ಲಿ ಹೊಸ ತಳಿಯ ಹುಳು ಸಾಕೋದನ್ನ ಕಲಿಸೋಕೆ ಜಪಾನಿನಿಂದ ಒಬ್ಬರು ಬಂದಿದ್ದರಂತೆ. ಪುಟ್ಟ ಮನುಷ್ಯ, ದಪ್ಪ ಕನ್ನಡಕ. ಹುಳುಮನೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಕಾಲು ಬ್ಲೀಚಿಂಗ್ ನೀರಲ್ಲಿ ತೊಳೆದು, ಹುಳುವಿಗೆ ಒಂದು ನಮಸ್ಕಾರ ಹಾಕಿ ಒಳಗೆ ಹೋಗುತ್ತಿದ್ದರಂತೆ. "ಹುಳು ಸಾಯಲ್ಲ, ಕೊಳೆ ಸಾಯಿಸುತ್ತೆ" ಅಂತ ಅವರ ಕನ್ನಡ. ಬೆಳೆ ಶುರುವಾಗೋ ಮುಂಚೆ ತೊಳಿ, ಬೆಳೆ ಮುಗಿದ ಮೇಲೆ ತೊಳಿ, ಒಳಗೆ ಹೋಗೋ ಪ್ರತಿಯೊಂದನ್ನೂ ತೊಳಿ. ಮಾವ ಅದನ್ನ ವೇದವಾಕ್ಯದ ಹಾಗೆ ಹಿಡಿದುಕೊಂಡರು. ಆ ಸಾಹೇಬರು ಹೊರಡೋ ದಿನ ಪರ್ಸಿನಿಂದ ಒಂದು ಫೋಟೋ ತೆಗೆದು ತೋರಿಸಿದರಂತೆ. ಹರೆಯದ ಸಾಹೇಬರು, ಪಕ್ಕದಲ್ಲಿ ಎರಡೇ ಸೀಟಿನ, ಮೇಲೆ ಟಾಪಿಲ್ಲದ ಪುಟಾಣಿ ಕಾರು. ಅವತ್ತಿನಿಂದ ಮಾವನ ತಲೆಯಲ್ಲಿ ಆ ಕಾರು ಗೂಡು ಕಟ್ಟಿಕೊಂಡಿತು.

ಅದು ಬಿಚ್ಚಿಕೊಂಡಿದ್ದು ಎಷ್ಟೋ ವರ್ಷದ ಮೇಲೆ, ರೇಷ್ಮೆ ಗೂಡಿಗೆ ಒಳ್ಳೇ ರೇಟು ಸಿಕ್ಕಿದ ವರ್ಷ. ಸ್ಕಂದಗಿರಿ ತಪ್ಪಲಲ್ಲಿ ಒಂದು ತೋಟದ ಮನೆ ಇತ್ತು. ಅದರ ಯಜಮಾನರು ಹಿಂದೆ ಜಪಾನಿನಿಂದ ತರಿಸಿಕೊಂಡಿದ್ದ ಎರಡು ಸೀಟಿನ, ಟಾಪಿಲ್ಲದ ಕಾರನ್ನ ಮಾರುತ್ತಾರಂತೆ ಅಂತ ದ್ರಾಕ್ಷಿ ತೋಟದ ಏಜೆಂಟೊಬ್ಬ ಮಾವನಿಗೆ ಹೇಳಿದ. ನೋಡೋಕೆ ಹೋದಾಗ ನಾನೂ ಜೊತೆಗಿದ್ದೆ. ಶೆಡ್ಡಿನ ಬಾಗಿಲು ತೆಗೆದರೆ... ಕಡು ಹಸಿರು. ಮಳೆಯಲ್ಲಿ ತೊಳೆದ ಹಿಪ್ಪುನೇರಳೆ ಸೊಪ್ಪಿನ ಬಣ್ಣ. ಗುಂಡಿ ಒತ್ತಿದರೆ ಮುಂದಿನ ಎರಡು ದೀಪಗಳು ಕಪ್ಪೆ ಕಣ್ಣಿನ ಹಾಗೆ ಮೇಲಕ್ಕೇಳುತ್ತಿದ್ದವು. ಮಾವ ಕಾರಿನ ಮುಂದೆ ನಿಂತು ಕೈ ತೊಡೆಗಂಟಿಸಿ ಬಗ್ಗಿದರು. ಯಜಮಾನರಿಗೆ ಗಾಬರಿಯಾಯಿತು, ಪಾಪ, ರೈತರಿಗೆ ಸೊಂಟ ಹಿಡಿದಿದೆ ಅಂದುಕೊಂಡರು.

ಕೊಂಡಿದ್ದಾಯಿತು. ಪೇರೇಸಂದ್ರದ ಹೋಟೆಲಿನ ಮುಂದೆ ಮೊದಲ ಸಲ ನಿಲ್ಲಿಸಿದಾಗ ಲಾರಿ ಡ್ರೈವರುಗಳೆಲ್ಲ ಕಾಫಿ ಲೋಟ ಹಿಡಿದುಕೊಂಡೇ ಸುತ್ತುವರಿದರು. "ಮುಚ್ಚಳ ಎಲ್ಲಣ್ಣೋ, ಗಾಳಿಗೆ ಹಾರೋಯ್ತಾ?" ಅಂದ ಒಬ್ಬ. "ಆಕಾಶಾನೇ ಮುಚ್ಚಳ ಕಣಪ್ಪ" ಅಂದರು ಮಾವ. ಮುಖ ಮಾತ್ರ ಮಂಕಿ ಕ್ಯಾಪಿನೊಳಗೆ. ಅವರಿಗೆ ಕಿವಿಗೆ ಗಾಳಿ ತಾಗಿದರೆ ನೆಗಡಿ. ಟಾಪಿಲ್ಲದ ಕಾರು ಕೊಂಡು ತಲೆಗೆ ಟಾಪು ಹಾಕಿಕೊಂಡ ಏಕೈಕ ಮನುಷ್ಯ ಅಂತ ನಾನು ಸ್ಟೇಜಿನ ಮೇಲೆ ಹೇಳಿದರೆ ಮುಂದಿನ ಸಾಲಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

ಆ ಬೆಳಗುಗಳು... ಮಾವನ ಪಕ್ಕ ಆ ತಗ್ಗು ಸೀಟಿನಲ್ಲಿ ಕೂತರೆ ರಸ್ತೆ ನೇರ ತೊಡೆಯ ಕೆಳಗೇ ಹರಿದ ಹಾಗಾಗುತ್ತಿತ್ತು. ಕಾರಿನೊಳಗೆ ಕೂತು ನೋಡೋ ಊರು ಬೇರೆ, ತಲೆ ಮೇಲೆ ಏನೂ ಇಲ್ಲದೆ ನೋಡೋ ಊರು ಬೇರೆ. ಶಿಡ್ಲಘಟ್ಟ ಹತ್ತಿರ ಬಂತು ಅಂದರೆ ಗೂಡು ಬೇಯಿಸೋ ವಾಸನೆ, ದಾಟಿದರೆ ಕುರಿ ಹಿಂಡಿನ ವಾಸನೆ, ಚಿಂತಾಮಣಿ ಕಡೆ ಮಾವಿನ ಹೂವು. ಗುಂಡುಬಂಡೆಗಳ ಬೆಟ್ಟಗಳು ತಲೆ ಮೇಲೇ ಬಗ್ಗಿ ನೋಡುತ್ತಿದ್ದವು. ಮಾವ ಒಂದು ಕೈಲಿ ಸ್ಟೇರಿಂಗು, ಒಂದು ಕೈಲಿ ಕ್ಯಾಪು ಹಿಡಿದು, "ಏಮ್ರಾ ಹೀರೋ, ಎಲ್ಲಿಗೋಗಣ?" ಅನ್ನುವರು. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ವಾಪಸ್ ಬರೋದೇ ಅದರ ಮಜಾ. ಮನೆ ಗೇಟಿನ ಮುಂದೆ ಬ್ರೇಕು ಒತ್ತಿದರೆ ಗಾಡಿ "ಕ್ರೀಂ...ಯ್ಕ್" ಅಂತ ಸಣ್ಣಗೆ ಕಿರುಚಿ ನಿಲ್ಲುತ್ತಿತ್ತು. ಒಳಗಿಂದ ಅತ್ತೆ, "ಬಂತು ನನ್ನ ಸವತಿ" ಅನ್ನುವರು. ಈ ಮೂರೂ ಸೇರಿಸಿದ್ದು ನನ್ನ ಹೊಸ ಐಟಂ: ಎಂಜಿನ್ನು, ಬ್ರೇಕು, ಅತ್ತೆ. ಎಲ್ಲಿ ಮಾಡಿದರೂ ಚಪ್ಪಾಳೆ.

ಅತ್ತೆ ಮಾತ್ರ ಆ ಗಾಡಿ ಹತ್ತಲಿಲ್ಲ. ಮಾವನಿಗೆ ಇದ್ದಿದ್ದು ಒಂದೇ ಆಸೆ. ಅತ್ತೆಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೈವಾರದ ದೇವಸ್ಥಾನಕ್ಕೆ ಹೋಗಿ ಬರಬೇಕು. ಅದಕ್ಕೇ ಅಂತ ತಲೆಗೂದಲು ಹಾರದ ಹಾಗೆ ಕಟ್ಟಿಕೊಳ್ಳೋಕೆ ಒಂದು ನೀಲಿ ಸ್ಕಾರ್ಫು ಕೂಡ ತಂದಿದ್ದರು. ಅತ್ತೆ ಅದನ್ನ ಮಡಿಸಿ ಪೆಟ್ಟಿಗೆಯಲ್ಲಿಟ್ಟರು. "ತಲೆ ಮೇಲೆ ಸೂರಿಲ್ಲದ ಗಾಡೀಲಿ ಯಾರನ್ನ ಕೂರ್ಸ್ತಾರೆ ಅಂತ ಗೊತ್ತಿಲ್ವಾ ನಿಮಗೆ? ಇಲ್ಲಾ ದೇವ್ರನ್ನ, ಇಲ್ಲಾ ಹೆಣಾನ. ನಾನು ಎರಡೂ ಅಲ್ಲ." ಎಲ್ಲರೂ ನಕ್ಕೆವು. ಅತ್ತೆಯ ದನಿಯಲ್ಲಿ ನಾನು ಆ ಮಾತನ್ನ ಅಲ್ಲೇ ಇನ್ನೊಂದು ಸಲ ಹೇಳಿದೆ, ಎಲ್ಲರೂ ಇನ್ನೊಂದು ಸಲ ನಕ್ಕರು. ಅತ್ತೆ ನಗಲಿಲ್ಲ.

ಇನ್ನು ಕಾರು ನಿಲ್ಲುತ್ತಿದ್ದ ಜಾಗದ ವಿಷಯ. ಮಾವ ಹಿತ್ತಲಲ್ಲಿ ದೊಡ್ಡ ಹೊಸ ಹುಳುಮನೆ ಕಟ್ಟಿಸಿದ್ದರು. ಪಕ್ಕದಲ್ಲೇ ಹಳೇ ಹುಳುಮನೆ ಖಾಲಿ. ಹೆಂಚಿನ ಸೂರು, ತಂಪು, ಧೂಳಿಲ್ಲ, ಇಲಿ ಇಲ್ಲ. ಜಪಾನ್ ಗಾಡಿಗೆ ಇದಕ್ಕಿಂತ ಒಳ್ಳೇ ಮನೆ ಇನ್ನೆಲ್ಲಿ? ಆದರೆ ಊರೂರು ಸುತ್ತಿ ಬಂದ ಗಾಡಿ ಯಾರ ಹುಳುವಿನ ರೋಗ ಹೊತ್ತು ತರುತ್ತೋ ಏನೋ. ಅದಕ್ಕೆ ಮಾವ ಸಾಹೇಬರ ಪಾಠವನ್ನೇ ಕಾರಿಗೂ ಹಾಕಿದರು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ನೆನೆಸಿದ ಗೋಣಿಚೀಲ, ಅದರ ಮೇಲೆ ಚಕ್ರ ಉರುಳಬೇಕು. ಒಳಗೆ ನಿಲ್ಲಿಸಿದ ಮೇಲೆ ಪಂಪು ಬೆನ್ನಿಗೆ ಹಾಕಿಕೊಂಡು, ಮೊಣಕಾಲೂರಿ, ಗಾಡಿಯ ಹೊಟ್ಟೆ ಕೆಳಗೆಲ್ಲ ಅದೇ ನೀರು ಹೊಡೆಯುವರು. ಮೇಲಿನ ಹಸಿರು ಬಣ್ಣಕ್ಕೆ ಮಾತ್ರ ಒಳ್ಳೇ ನೀರು, ಮೆತ್ತನೆ ಬಟ್ಟೆ. ಪ್ರತಿ ಬೆಳೆ ಮುಗಿದ ಮೇಲೆ ಎರಡೂ ಹುಳುಮನೆಗೆ ಸುಣ್ಣ, ಬ್ಲೀಚಿಂಗ್ ಹೊಡೆದು, ಕಿಟಕಿ ಬಾಗಿಲು ಸಂದಿಯಿಲ್ಲದ ಹಾಗೆ ಮುಚ್ಚಿಬಿಡುವರು. ಆ ಘಾಟಿನೊಳಗೆ ಕಾರೂ ಇರುತ್ತಿತ್ತು. "ಸ್ನಾನ ಮಾಡಿ ಮಲ್ಕೊಂಡಿದೆ, ಎಬ್ಬಿಸಬೇಡ" ಅನ್ನುತ್ತಿದ್ದರು.

ಹುಳುಮನೆಯಲ್ಲಿ ಕಬ್ಬಿಣ ಉಳಿಯಲ್ಲ. ಇದು ನಮ್ಮ ಕಡೆ ಚಡ್ಡಿ ಹಾಕೋ ಮಕ್ಕಳಿಗೂ ಗೊತ್ತು. ಬಾಗಿಲ ಕೀಲು, ಚಿಲಕ, ಮೊಳೆ, ಎಲ್ಲಾ ಆ ಘಾಟಿಗೆ ತುಕ್ಕು ಹಿಡಿದು ಪುಡಿಯಾಗುತ್ತೆ. ಅದಕ್ಕೇ ಹುಳು ಸಾಕೋ ತಟ್ಟೆ ಬಿದಿರಿನದು, ಅಟ್ಟಣಿಗೆ ಮರದ್ದು. ಆದರೂ ಒಬ್ಬರಿಗೂ ಹೊಳೆಯಲಿಲ್ಲ. ಯಾಕೆ ಅಂತ ಆಮೇಲೆ ತುಂಬಾ ಸಲ ಯೋಚಿಸಿದ್ದೇನೆ. ಆ ಕಾರು ಕಬ್ಬಿಣದ್ದು ಅಂತ ನಮಗೆ ಯಾರಿಗೂ ಅನ್ನಿಸಿರಲೇ ಇಲ್ಲ. ಅದು ಜಪಾನಿನದು, ಅಷ್ಟೇ.

ಮೊದಲು ಕೆಟ್ಟಿದ್ದು ಕಣ್ಣು. ಎಡಗಡೆ ದೀಪ ಮೇಲೆದ್ದಿದ್ದು ಕೆಳಗೆ ಹೋಗಲೇ ಇಲ್ಲ. ಬೆಳಗಾಗಲಿ, ಮಧ್ಯಾಹ್ನವಾಗಲಿ, ಆ ಒಂದು ಕಣ್ಣು ತೆರೆದೇ ಇರುತ್ತಿತ್ತು. ಮಕ್ಕಳು "ಕಾರು ಕಣ್ಣು ಹೊಡೀತಿದೆ" ಅಂತ ಕುಣಿದರು. ನಾನೂ ಒಂದು ಕಣ್ಣು ಮುಚ್ಚಿಕೊಂಡು ಕಾರಿನ ಹಾಗೆ ಊರೆಲ್ಲ ಓಡಾಡಿದೆ. ಆಮೇಲೆ ಹಳೇ ಹುಳುಮನೆಯ ನೆಲದ ಮೇಲೆ ಕಂದು ಬಣ್ಣದ ಪುಡಿ ಉದುರತೊಡಗಿತು. ಮಾವ ಗುಡಿಸಿ ಹಾಕಿದರು. ಮಾರನೇ ವಾರ ಮತ್ತೆ. ಹೊಸ ಹುಳುಮನೆಯಿಂದ ಹುಳು ಸೊಪ್ಪು ತಿನ್ನುವ ಸರಸರ ಸದ್ದು ಬರುತ್ತಿತ್ತು, ಮಳೆ ಹನಿದ ಹಾಗೆ. ಹಳೇ ಹುಳುಮನೆಯಲ್ಲಿ ಯಾವ ಸದ್ದೂ ಇಲ್ಲ. ಅಲ್ಲೂ ಏನೋ ತಿನ್ನುತ್ತಿತ್ತು.

ಆಮೇಲೆ ನಿಲ್ಲುವ ಜಾಗ ಬದಲಾಯಿತು. ಗೇಟಿನ ಮುಂದೆ ಕಿರುಚಿ ನಿಲ್ಲುತ್ತಿದ್ದ ಗಾಡಿ ಕಿರುಚೋದು ಬಿಟ್ಟು, ಮೆತ್ತಗೆ ಜಾರಿ, ಮುಂದಿನ ಹೊಂಗೆ ಮರದ ಹತ್ತಿರ ನಿಂತಿತು. ಇನ್ನೊಂದು ದಿನ ಮರವನ್ನೂ ದಾಟಿ ದನದ ತೊಟ್ಟಿಯ ಹತ್ತಿರ. "ಗಾಡಿಗೂ ಮನೆಗೆ ಬರೋ ಮನಸ್ಸಿಲ್ಲ ಕಣೋ, ನಿಮ್ಮತ್ತೆ ಬೈತಾಳಲ್ಲ ಅದಕ್ಕೆ" ಅಂದರು ಮಾವ. ನಕ್ಕರು. ಆದರೆ ಅವರ ಕಾಲು ಪೆಡಲನ್ನ ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದುದನ್ನ ನಾನು ಪಕ್ಕದಲ್ಲೇ ಕೂತು ಕಂಡಿದ್ದೇನೆ.

ಚಿಂತಾಮಣಿಯ ಮೆಕ್ಯಾನಿಕ್ ಭಾಯ್ ಹತ್ತಿರ ನಿಧಾನವಾಗಿ ಓಡಿಸಿಕೊಂಡು ಹೋದೆವು. ಅವರು ಗಾಡಿ ಎತ್ತಿ, ಬ್ಯಾಟರಿ ಹಿಡಿದು ಒಳಗೆ ನುಗ್ಗಿ, ತುಂಬಾ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕೈಯಲ್ಲಿದ್ದ ತುಕ್ಕನ್ನ ನೋಡುತ್ತಾ ಕೇಳಿದರು: "ಅಲ್ಲಾ ಸಾಬ್, ಈ ಗಾಡೀನ ಸಮುದ್ರದ ಪಕ್ಕ ನಿಲ್ಲಿಸ್ತೀರಾ ಏನು?"

ಸಮುದ್ರ! ಚಿಂತಾಮಣಿಯಲ್ಲಿ! ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ನಾನು ಅಲೆಯ ಸದ್ದು ಬೇರೆ ಮಾಡಿದೆ. ಭಾಯ್ ನಗಲಿಲ್ಲ. ಬ್ರೇಕಿನ ಎಣ್ಣೆ ಹೋಗೋ ಪೈಪು ಒಂದು ತೂತಾಗಿದೆ, ಅದನ್ನ ಬದಲಾಯಿಸ್ತೀನಿ, ಮಿಕ್ಕವೂ ಇವತ್ತೋ ನಾಳೆಯೋ ಅನ್ನೋ ಹಾಗಿವೆ, ಬೆಂಗಳೂರಿಂದ ತರಿಸ್ತೀನಿ, ಬೇಗ ಬನ್ನಿ ಅಂದರು. ಒಂದು ಪೈಪು ಹಾಕಿದರು. ಅವತ್ತು ಸಂಜೆ ಗಾಡಿ ಸರಿಯಾಗಿ ಗೇಟಿನ ಮುಂದೆ "ಕ್ರೀಂ...ಯ್ಕ್" ಅಂತ ನಿಂತಿತು. ಮಾವನ ಮುಖ ನೋಡಬೇಕಿತ್ತು.

ಬೇಗ ಹೋಗೋದು ಆಗಲಿಲ್ಲ. ಹುಳು ಹಣ್ಣಾಗೋ, ಅಂದರೆ ಮೇವು ಬಿಟ್ಟು ಗೂಡು ಕಟ್ಟೋಕೆ ಕೂರೋ ಸಮಯ ಬಂತು. ಆಗ ಮನೆ ಬಿಟ್ಟು ಯಾರೂ ಅಲ್ಲಾಡೋ ಹಾಗಿಲ್ಲ. ಗೂಡು ಕಟ್ಟಿ, ಬಿಡಿಸಿ, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬರೋವರೆಗೂ ಕಾರು ಒಳಗೇ ಇತ್ತು. ಬೆಳೆ ಮುಗಿದ ಮೇಲೆ ಎಂದಿನ ಹಾಗೆ ಎರಡೂ ಹುಳುಮನೆಗೆ ಬ್ಲೀಚಿಂಗ್ ಹೊಡೆದು ಬಾಗಿಲು ಮುಚ್ಚಿದರು. ಆ ಸಲದ ಬೆಳೆ ತುಂಬಾ ಚೆನ್ನಾಗಿ ಬಂದಿತ್ತು. ಅದರ ಖುಷಿಯಲ್ಲೋ ಏನೋ, ಅತ್ತೆ ಒಪ್ಪಿಕೊಂಡುಬಿಟ್ಟರು. "ಒಂದೇ ಸಲ. ಕೈವಾರಕ್ಕೆ. ಆಮೇಲೆ ಕೇಳಬಾರದು." ಮಾವ ಭಾಯ್‌ಗೆ ಫೋನ್ ಮಾಡಿದರು. ಪೈಪುಗಳು ಬಂದಿವೆಯಂತೆ. ಕೈವಾರ ಮುಗಿಸಿ, ಅಲ್ಲಿಂದಲೇ ಚಿಂತಾಮಣಿಗೆ ಹೋಗಿ ಹಾಕಿಸಿಕೊಂಡು ಬರೋದು ಅಂತ ತೀರ್ಮಾನವಾಯಿತು. ಒಂದು ಬೆಳಗಿನ ಮಾತು ಅಷ್ಟೇ.

ಬಾಗಿಲು ತೆಗೆದಾಗ ಘಾಟು ಕಣ್ಣಿಗೆ ಹೊಡೆಯಿತು. ಒಳಗಿಂದ ಆ ಒಂದು ಕಣ್ಣು ನಮ್ಮನ್ನೇ ನೋಡುತ್ತಿತ್ತು. ಗಾಡಿ ಹೊರಗೆ ತಂದು, ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದು ನಾನೇ. ನಿಂಬೆಹಣ್ಣು ಪಚಕ್ಕಂತು. ನಾನು ಅಭ್ಯಾಸ ಬಲದಿಂದ ಪಕ್ಕದ ಸೀಟಿನಲ್ಲಿ ಕೂತೆ. ಮಾವ ಮಂಕಿ ಕ್ಯಾಪ್ ಸರಿಮಾಡಿಕೊಳ್ಳುತ್ತಾ, "ಇಳಿ ಇಳಿ. ಆ ಸೀಟು ಇವತ್ತು ನಿಮ್ಮತ್ತೇದು" ಅಂದರು. ಇಳಿದೆ. ಟವೆಲಿನಿಂದ ಆ ಸೀಟನ್ನ ಒರೆಸಿದರು.

ಅತ್ತೆ ಬಾಗಿಲಿಗೆ ಬಂದರು. ರೇಷ್ಮೆ ಸೀರೆ, ತಲೆಗೆ ಆ ನೀಲಿ ಸ್ಕಾರ್ಫು. ನಾಚಿಕೆಯಿಂದ ಸ್ಕಾರ್ಫನ್ನ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಾವ ಇಣುಕಿ ಅವರ ಜಡೆ ಕಡೆ ನೋಡಿ, "ಹೂವೆಲ್ಲೇ?" ಅಂದರು.

"ಸಾಕು ಬಿಡಿ, ಈ ಬಟ್ಟೆ ಒಳಗೆ ಹೂವು ಯಾರಿಗೆ ಕಾಣುತ್ತೆ?"

"ನನಗೆ ಗೊತ್ತಿರುತ್ತಲ್ಲ. ಇರು, ಕೆರೆ ಆಚೆ ತೋಟದಿಂದ ತಂದ್ಬಿಡ್ತೀನಿ. ಒಂದು ರೌಂಡ್ ಅಷ್ಟೇ."

ಹೋದರು. ನನ್ನ ಕಿವಿ ಒಂದು ಸದ್ದು ಹಿಡಿದರೆ ಬಿಡೋದಿಲ್ಲ. ಗೇಟಲ್ಲಿ ನಿಂತೇ ಗಾಡಿ ಹೋದ ದಾರಿಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ಮಣ್ಣು ರಸ್ತೆ ಮುಗಿದು ಟಾರು ಹತ್ತಿತು. ಗೇರು ಬದಲಾಯಿತು. ಕೆರೆ ಏರಿ ಹತ್ತಿತು. ಏರಿಯ ಕೊನೆಗೆ ಇಳಿಜಾರು, ಇಳಿಜಾರಿನ ಕೆಳಗೆ ಕೋಡಿಯ ತಿರುವು. ಅಲ್ಲಿ ಒಂದು ಕಿರುಚು ಬರಬೇಕಿತ್ತು. ನನ್ನ ಬಾಯಿ ಅಭ್ಯಾಸದಿಂದ ಅದನ್ನ ಮಾಡೋಕೆ ತಯಾರಾಗಿಯೇ ಇತ್ತು. ಬರಲಿಲ್ಲ. ಹಾರನ್ನು ಬಂತು. ಉದ್ದಕ್ಕೆ. ಬಿಡದೆ. ಆಮೇಲೆ ಅದೂ ನಿಂತು, ಕೆರೆಯ ಕೊಕ್ಕರೆಗಳೆಲ್ಲ ಒಟ್ಟಿಗೆ ಮೇಲೆದ್ದವು.

"ಏನೋ ಅದು?" ಅಂದರು ಅತ್ತೆ.

ನಾನು ಓಡುತ್ತಿದ್ದೆ.

ನೋಡಿದ್ದನ್ನೆಲ್ಲ ಬರೆಯೋದಿಲ್ಲ. ಕೆರೆಯ ಒಣ ಅಂಗಳದ ಕಲ್ಲುಗಳ ನಡುವೆ ಹಸಿರು ಕಾರು ಮಗುಚಿ ಬಿದ್ದಿತ್ತು. ಮೇಲೆ ತಡೆಯೋಕೆ ಏನೂ ಇರಲಿಲ್ಲ. ಆ ಎಡಗಣ್ಣು ತೆರೆದೇ ಇತ್ತು. ಹ್ಯಾಂಡ್ ಬ್ರೇಕು ಪೂರ್ತಿ ಮೇಲಕ್ಕೆ ಎಳೆದಿತ್ತು, ಅದರ ಕೇಬಲ್ಲು ಕೆಳಗಡೆ ತುಕ್ಕು ಹಿಡಿದು ಕಿತ್ತು ಬಂದಿತ್ತು. ಅಂದರೆ ಮಾವ ಎಲ್ಲವನ್ನೂ ಮಾಡಿ ನೋಡಿದ್ದರು... ಅವರನ್ನ ಮನೆಗೆ ತಂದಿದ್ದು ಯಾರದೋ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ. ಅದಕ್ಕೂ ಮೇಲೆ ಸೂರಿರಲಿಲ್ಲ. ಅತ್ತೆ ಆ ಸ್ಕಾರ್ಫು ಬಿಚ್ಚದೆ ಗೇಟಿನಲ್ಲೇ ನಿಂತಿದ್ದರು.

ಕಾರ್ಯ ಮುಗಿದ ಮೇಲೆ ಮೆಕ್ಯಾನಿಕ್ ಭಾಯ್ ಬಂದರು. ತಂದಿಟ್ಟಿದ್ದ ಪೈಪುಗಳು ಅವರ ಸ್ಕೂಟರಿನ ಮುಂದೆ ಪೇಪರಿನಲ್ಲಿ ಸುತ್ತಿದ ಹಾಗೇ ಇದ್ದವು. ಯಾಕೆ ತಂದರೋ, ಅವರಿಗೂ ಗೊತ್ತಿರಲಿಲ್ಲ ಅನ್ನಿಸುತ್ತೆ. ಗಾಡಿ ಎಲ್ಲಿ ನಿಲ್ಲಿಸುತ್ತಿದ್ದರು ಅಂತ ಕೇಳಿದರು. ಹಳೇ ಹುಳುಮನೆ ಬಾಗಿಲು ತೆಗೆದು ತೋರಿಸಿದೆ. ಘಾಟಿಗೆ ಕೆಮ್ಮಿದರು. ಬಾಗಿಲ ಕೀಲನ್ನ ಬೆರಳಲ್ಲಿ ಒತ್ತಿದರು, ಅದು ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರಿತು. ಮೂಲೆಯಲ್ಲಿದ್ದ ಪಂಪು ನೋಡಿದರು, ನೆನೆದ ಗೋಣಿಚೀಲ ನೋಡಿದರು. ಗಾಡಿಯನ್ನ ತಿಂದಿದ್ದು ಅದೇ ನೀರು, ಅದೇ ಘಾಟು. ಆವಾಗಲೇ ನನಗೂ ಗೊತ್ತಾಗಿದ್ದು. ನಮ್ಮ ಹಿಂದೆ ನಿಂತಿದ್ದ ಅತ್ತೆಗೂ ಆವಾಗಲೇ ಗೊತ್ತಾಗಿದ್ದು. ಕೊಳೆ ಸಾಯಿಸುತ್ತೆ ಅಂತ ಕಲಿತಿದ್ದರು ಮಾವ. ಸರಿಯಾಗೇ ಕಲಿತಿದ್ದರು.

ಚಿಕ್ಕಬಳ್ಳಾಪುರದಲ್ಲಿ ಆ ವಾಸನೆ ಹಿಡಿದ ದಿನ ನಾನು ಹೋಗಬೇಕಿದ್ದ ಪ್ರೋಗ್ರಾಮ್ ಬಿಟ್ಟು, ಶಿಡ್ಲಘಟ್ಟದ ಬಸ್ ಹತ್ತಿ ಸೀದಾ ಊರಿಗೆ ಹೋದೆ. ಅತ್ತೆ ಈಗಲೂ ಹುಳು ಸಾಕುತ್ತಾರೆ. ಬೆಳೆ ಮುಗಿದಿತ್ತು. ಮೂಗಿಗೆ ಸೆರಗು ಕಟ್ಟಿ, ಪಂಪು ಬೆನ್ನಿಗೆ ಹಾಕಿಕೊಂಡು ಹೊಸ ಹುಳುಮನೆಗೆ ಬ್ಲೀಚಿಂಗ್ ಹೊಡೆಯುತ್ತಿದ್ದರು. ಹೊಡೆಯದೆ ಇರೋಕಾಗಲ್ಲ, ಹುಳು ಉಳಿಯಲ್ಲ. ನಾನು ಪಂಪು ಇಸಕೊಂಡು ಮಿಕ್ಕಿದ್ದನ್ನ ಹೊಡೆದೆ. ಹಳೇ ಹುಳುಮನೆಗೆ ಬೀಗ. ಬೀಗವೂ ತುಕ್ಕು ಹಿಡಿದಿತ್ತು.

ಸಂಜೆ ಗೇಟಿನ ಹತ್ತಿರ ಕಾಫಿ ಕೊಟ್ಟರು. ಮಾವ ಹೋದ ಮೇಲೆ ನಾನು ಆ ಐಟಂ ಎಲ್ಲೂ ಮಾಡಿಲ್ಲ. ಅದು ಅತ್ತೆಗೂ ಗೊತ್ತು. ಲೋಟ ತಿರುಗಿಸುತ್ತಾ, ನನ್ನ ಕಡೆ ನೋಡದೆ, "ಆ ಗಾಡಿ ಸದ್ದು ಮಾಡ್ತಿದ್ಯಲ್ಲ... ಬರುತ್ತೇನೋ ಈಗ್ಲೂ?" ಅಂದರು.

"ಬೇಡ ಬಿಡಿ ಅತ್ತೆ."

"ಮಾಡೋ. ಕೆರೆ ಏರಿಯಿಂದ ಬರೋದು ಮಾಡು."

ಮಾಡಿದೆ. ದೂರದಿಂದ ಶುರು ಮಾಡಿದೆ, ಗಂಟಲ ಆಳದಲ್ಲಿ, ಸಣ್ಣಗೆ. ಏರಿ ಇಳಿಸಿದೆ. ಗೇರು ಬದಲಾಯಿಸಿದೆ. ಟಾರು ಮುಗಿದು ಮಣ್ಣು ರಸ್ತೆ ಬಂತು. ಸದ್ದು ಹತ್ತಿರ ಬಂತು, ದೊಡ್ಡದಾಯಿತು, ಗೇಟಿನ ಮುಂದೆಯೇ ಬಂತು.  ಬ್ರೇಕು ಬರಲಿಲ್ಲ. ಎಂಜಿನ್ನು ಹಾಗೇ ಗುರುಗುಟ್ಟುತ್ತಾ ಗೇಟು ದಾಟಿತು, ಹೊಂಗೆ ಮರ ದಾಟಿತು...

ಅತ್ತೆ ನನ್ನ ತೋಳು ಹಿಡಿದುಕೊಂಡರು. "ನಿಲ್ಸೋ" ಅಂದರು. "ನಿಲ್ಸಪ್ಪ, ದಮ್ಮಯ್ಯ."

"ಕ್ರೀಂ...ಯ್ಕ್."

ಇಬ್ಬರೂ ಖಾಲಿ ರಸ್ತೆಯ ಕಡೆ ನೋಡಿದೆವು. ಆಮೇಲೆ ಅತ್ತೆ ನನ್ನ ಕೈಯಿಂದ ಲೋಟ ತಗೊಂಡು, ಗೇಟು ಹಾಕಿ, ಒಳಗೆ ಹೋದರು.